ಟ್ಯೂಬಿನಲ್ಲಿ ಮನೆ ಊಟ: ಅನ್ನ ಎಷ್ಟು, ನೀರು ಎಷ್ಟು?

ಅಪ್ಪ ಆಸ್ಪತ್ರೆಯಿಂದ ರಾಜಾಜಿನಗರದ ಮನೆಗೆ ಬಂದಾಗ ಮೂಗಿನಲ್ಲಿ ಒಂದು ಟ್ಯೂಬ್ ಇತ್ತು, ನಮ್ಮ ಕೈಯಲ್ಲಿ ಒಂದು ಡಿಸ್ಚಾರ್ಜ್ ಚೀಟಿ ಇತ್ತು. ಪಾರ್ಶ್ವವಾಯು ಹೊಡೆದು ನುಂಗುವ ಶಕ್ತಿ ಹೋಗಿತ್ತು. ಮಾತ್ರೆಗಳ ಬಗ್ಗೆ ಪೂರ್ತಿ ಒಂದು ಪುಟ ಬರೆದಿದ್ದರು. ಊಟದ ಬಗ್ಗೆ ಒಂದೇ ಸಾಲು: ‘ದಿನಕ್ಕೆ ಆರು ಸಲ, 200 ಎಂಎಲ್ ಲಿಕ್ವಿಡ್ ಫೀಡ್.’

ಲಿಕ್ವಿಡ್ ಅಂದರೆ ನೀರಿನ ಹಾಗೆ ಇರಬೇಕು ಅಂತ ನಾವು ತಿಳಿದುಕೊಂಡೆವು. ಟ್ಯೂಬ್ ಕಟ್ಟಿಕೊಂಡರೆ ಏನು ಗತಿ ಅನ್ನುವ ಹೆದರಿಕೆ ಬೇರೆ. ಅಮ್ಮ ಬೆಳಗ್ಗೆ ಐದಕ್ಕೇ ಎದ್ದು ರಾಗಿ ಗಂಜಿ ಕಾಯಿಸುತ್ತಿದ್ದಳು. ಬಟ್ಟೆಯಲ್ಲಿ ಸೋಸಿ, ಇನ್ನಷ್ಟು ನೀರು ಬೆರೆಸಿ, ಮತ್ತೆ ಸೋಸಿ ಕೊಡುತ್ತಿದ್ದಳು. ಮಧ್ಯಾಹ್ನ ಬೇಳೆ ಕಟ್ಟು. ಸಂಜೆ ಎಳನೀರು. ರಾತ್ರಿ ಹಾಲು. ಒಂದು ಹೊತ್ತೂ ತಪ್ಪಿಸಲಿಲ್ಲ. ಆರು ವಾರ ಕಳೆದು ತೂಕ ನೋಡಿದರೆ 58 ಕೆಜಿ ಇದ್ದ ಅಪ್ಪ 54ಕ್ಕೆ ಇಳಿದಿದ್ದರು. ಸೊಂಟದ ಹಿಂದೆ ಚರ್ಮ ಕೆಂಪಾಗಲು ಶುರುವಾಗಿತ್ತು.

ಮನೆಗೆ ಬಂದ ಡಯೆಟಿಷಿಯನ್ ನೇರವಾಗಿ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ‘ಅಮ್ಮಾ, ನೀವು ಅಡುಗೆ ಚೆನ್ನಾಗೇ ಮಾಡ್ತಿದ್ದೀರ. ಆದ್ರೆ ಟ್ಯೂಬಿಗೆ ಹೋಗ್ತಿರೋದು ಆ ಅಡುಗೆ ತೊಳೆದ ನೀರು’ ಅಂದರು. ಆಮೇಲೆ ಕೂತು ಲೆಕ್ಕ ಹಾಕಿಸಿದರು. ಎರಡು ಹೊತ್ತಿನ ರಾಗಿ ಗಂಜಿಯಲ್ಲಿ ತಲಾ 15 ಗ್ರಾಂ ಹಿಟ್ಟು, ಒಂದಿಷ್ಟು ಹಾಲು: ಸುಮಾರು 160 ಕ್ಯಾಲೊರಿ. ಎರಡು ಹೊತ್ತಿನ ಬೇಳೆ ಕಟ್ಟಿನಲ್ಲಿ ಸುಮಾರು 80. ಎಳನೀರಿನಲ್ಲಿ 40. ಹಾಲಿನಲ್ಲಿ 120. ಎಲ್ಲ ಸೇರಿ 400.

ಅಪ್ಪನಂಥ ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ತೂಕದ ಪ್ರತಿ ಕೆಜಿಗೆ 25ರಿಂದ 30 ಕ್ಯಾಲೊರಿ. ಅಂದರೆ 1,500ರ ಆಸುಪಾಸು. ಪ್ರೋಟೀನ್ ಕೆಜಿಗೆ 1ರಿಂದ 1.2 ಗ್ರಾಂ, ಮಲಗಿ ಮಲಗಿ ಬೆನ್ನು, ಸೊಂಟದಲ್ಲಿ ಹುಣ್ಣು ಆದವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಅಪ್ಪನಿಗೆ 60ರಿಂದ 70 ಗ್ರಾಂ ಹೋಗಬೇಕಿತ್ತು. ಹೋಗುತ್ತಿದ್ದದ್ದು 20 ಗ್ರಾಮಿಗಿಂತ ಕಡಿಮೆ. ದಿನಾ ಆರು ಸಲ ಹೊಟ್ಟೆ ತುಂಬಿಸುತ್ತಲೇ ನಾವು ಅವರನ್ನು ಉಪವಾಸ ಕೆಡವಿದ್ದೆವು.

ಟ್ಯೂಬಿನಲ್ಲಿ ಮನೆ ಊಟ ಕೊಡಬಹುದಾ ಅಂತ ಈಗ ತುಂಬ ಜನ ನನ್ನನ್ನು ಕೇಳುತ್ತಾರೆ. ಕೊಡಬಹುದು. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನೀವು ಕೊಡುವ ಆ 200 ಎಂಎಲ್‌ನಲ್ಲಿ ಊಟ ಎಷ್ಟಿದೆ, ನೀರು ಎಷ್ಟಿದೆ? ಈ ಲೇಖನ ಬರೆಯುತ್ತಿರುವುದೇ ಆ ಪ್ರಶ್ನೆಗಾಗಿ.

ನೀರಿನಲ್ಲಿ ಕಲಸಿ ಟ್ಯೂಬಿಗೆ ಕೊಡುವ ಡಬ್ಬದ ಪುಡಿ ಬರುವುದಕ್ಕೆ ಮುಂಚೆ ಟ್ಯೂಬಿನಲ್ಲಿ ಹೋಗುತ್ತಿದ್ದದ್ದು ಅಡುಗೆಮನೆಯ ಪದಾರ್ಥವೇ. 18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಸರ್ಜನ್ ಜಾನ್ ಹಂಟರ್, ನುಂಗಲಾಗದ ರೋಗಿಯೊಬ್ಬರಿಗೆ ಹಾವುಮೀನಿನ ಚರ್ಮದಿಂದ ಮಾಡಿದ ಕೊಳವೆಯಲ್ಲಿ ನೀರು ಬೆರೆಸಿ ಕಲಕಿದ ಮೊಟ್ಟೆ, ಹಾಲು, ಸಕ್ಕರೆ ಇಳಿಸಿದ್ದರು. ಮೂಗಿನ ಟ್ಯೂಬಿಗೆ ‘ರೈಲ್ಸ್ ಟ್ಯೂಬ್’ ಅನ್ನುವ ಹೆಸರು ಬಂದದ್ದು ಬ್ರಿಟನ್ನಿನ ವೈದ್ಯ ಜಾನ್ ಆಲ್ಫ್ರೆಡ್ ರೈಲ್ ಅವರಿಂದ. 1921ರಲ್ಲಿ ಅವರು ಅದನ್ನು ತಂದದ್ದು ಊಟ ಕೊಡಲಿಕ್ಕಲ್ಲ, ಹೊಟ್ಟೆಯ ರಸ ಹೊರತೆಗೆದು ಪರೀಕ್ಷೆ ಮಾಡಲಿಕ್ಕೆ. ಹೊಟ್ಟೆಯ ಮೇಲಿಂದ ನೇರವಾಗಿ ಹಾಕುವ ಪೆಗ್ ಟ್ಯೂಬ್ ಇನ್ನೂ ಈಚಿನದು. 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಗಾಡರರ್ ಮತ್ತು ಪಾನ್‌ಸ್ಕಿ ಎಂಬ ವೈದ್ಯರು ಮೊದಲು ಮಾಡಿದ್ದು.

ನಡುವೆ ಕೆಲವು ದಶಕ ಪಶ್ಚಿಮದ ಆಸ್ಪತ್ರೆಗಳು ಮನೆ ಊಟವನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದವು. ಈಗ ಮತ್ತೆ ಅದರ ಕಡೆ ತಿರುಗುತ್ತಿದ್ದಾರೆ. ಅಮೆರಿಕದ ಸಿನ್ಸಿನಾಟಿಯಲ್ಲಿ, ಹೊಟ್ಟೆಯ ಆಪರೇಷನ್ ಆಗಿ ಸದಾ ಓಕರಿಕೆ ಬರುತ್ತಿದ್ದ 33 ಮಕ್ಕಳಿಗೆ ರುಬ್ಬಿದ ಊಟ ಕೊಟ್ಟು ನೋಡಿದ ಅಧ್ಯಯನ 2011ರಲ್ಲಿ ಬಂತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಓಕರಿಕೆ ಮುಕ್ಕಾಲು ಪಾಲಿಗೂ ಮೀರಿ ಕಡಿಮೆಯಾಯಿತು. ಬ್ರಿಟನ್ನಿನ ಡಯೆಟಿಷಿಯನ್‌ಗಳ ಸಂಘ 2019ರಲ್ಲಿ ತನ್ನ ನಿಲುವು ಬದಲಿಸಿ, ಬಯಸುವ ಮನೆಯವರಿಗೆ ಇದರಲ್ಲಿ ನೆರವಾಗಬಹುದು ಎಂದಿತು. ನಮ್ಮಲ್ಲಿ ಮಾತ್ರ ಇದು ನಿಂತದ್ದೇ ಇಲ್ಲ. ನಿಮ್ಹಾನ್ಸ್‌ನಲ್ಲೋ ಕಿದ್ವಾಯಿಯಲ್ಲೋ ಮೂಗಿಗೆ ಟ್ಯೂಬ್ ಅಂಟಿಸಿಕೊಂಡು ಕೂತವರ ಪಕ್ಕದ ಚೀಲ ನೋಡಿ. ಒಂದು ಫ್ಲಾಸ್ಕು, ಒಂದು ಸ್ಟೀಲ್ ಲೋಟ, ಒಂದು ದೊಡ್ಡ ಸಿರಿಂಜ್ ಇರುತ್ತವೆ. ನಮಗೆ ಬೇಕಾಗಿರುವುದು ಕೊಡುವ ಧೈರ್ಯ ಅಲ್ಲ, ಸರಿಯಾಗಿ ಕೊಡುವ ವಿಧಾನ.

ಮೊದಲು ನಿಮ್ಮ ಟ್ಯೂಬ್ ಯಾವುದು ಅಂತ ತಿಳಿದುಕೊಳ್ಳಿ. ಮೂಗಿನಿಂದ ಹೊಟ್ಟೆಗೆ ಹೋಗುವುದು ರೈಲ್ಸ್ ಟ್ಯೂಬ್. ನಾಲ್ಕರಿಂದ ಆರು ವಾರಕ್ಕಿಂತ ಜಾಸ್ತಿ ದಿನ ಬೇಕಾಗುತ್ತದೆ ಅನ್ನಿಸಿದರೆ ವೈದ್ಯರು ಸಾಮಾನ್ಯವಾಗಿ ಪೆಗ್ ಬಗ್ಗೆ ಮಾತಾಡುತ್ತಾರೆ. ಇನ್ನೊಂದು ಬಗೆಯ ಟ್ಯೂಬ್ ಹೊಟ್ಟೆಯನ್ನು ದಾಟಿ ಸಣ್ಣ ಕರುಳಿಗೇ ಹೋಗುತ್ತದೆ. ಅದಕ್ಕೆ ಮನೆಯಲ್ಲಿ ರುಬ್ಬಿದ ಊಟ ಬೇಡ. ಹೊಟ್ಟೆಯಲ್ಲಿ ಆಮ್ಲ ಇರುತ್ತದೆ, ಅದು ಎಷ್ಟೋ ಕ್ರಿಮಿಗಳನ್ನು ಸಾಯಿಸುತ್ತದೆ. ನೇರ ಕರುಳಿಗೆ ಬಿದ್ದ ಊಟಕ್ಕೆ ಆ ಕಾವಲು ಇಲ್ಲ. ಒಂದೇ ಸಲಕ್ಕೆ 200 ಎಂಎಲ್ ಹಿಡಿದಿಟ್ಟುಕೊಳ್ಳುವ ಜಾಗವೂ ಕರುಳಲ್ಲಿ ಇಲ್ಲ.

ಟ್ಯೂಬಿನ ಮೇಲೆ ನಂಬರ್ ಇರುತ್ತದೆ: 12, 14, 16. ಇದು ಫ್ರೆಂಚ್ ಅಳತೆ. ಮೂರರಿಂದ ಭಾಗಿಸಿದರೆ ಹೊರಗಿನ ದಪ್ಪ ಮಿಲಿಮೀಟರಿನಲ್ಲಿ ಸಿಗುತ್ತದೆ. ರೈಲ್ಸ್ ಟ್ಯೂಬಿನ ತುದಿಯ ಬಣ್ಣದಿಂದಲೂ ಗುರುತು ಹಿಡಿಯಬಹುದು: 12ಕ್ಕೆ ಬಿಳಿ, 14ಕ್ಕೆ ಹಸಿರು, 16ಕ್ಕೆ ಕಿತ್ತಳೆ. 14 ನಂಬರಿನ ಟ್ಯೂಬ್ ಹೊರಗೆ 4.7 ಮಿ.ಮೀ., ಒಳಗಿನ ದಾರಿ ಅದಕ್ಕಿಂತಲೂ ಕಿರಿದು. ಈ ಕಿರಿದು ಅನ್ನುವುದು ಕಣ್ಣಿಗೆ ಕಾಣುವಷ್ಟು ಸಣ್ಣ ವಿಷಯ ಅಲ್ಲ. ಒಳಗಿನ ದಾರಿಯ ಅಗಲ ಅರ್ಧಕ್ಕೆ ಇಳಿದರೆ ಹರಿವು ಅರ್ಧಕ್ಕೆ ಇಳಿಯುವುದಿಲ್ಲ, 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿಯೇ ರುಬ್ಬಿದ ಊಟಕ್ಕೆ 14 ಅಥವಾ ಅದಕ್ಕಿಂತ ದೊಡ್ಡ ಪೆಗ್ ಟ್ಯೂಬ್ ಒಳ್ಳೆಯದು ಅನ್ನುವುದು. ರೈಲ್ಸ್ ಟ್ಯೂಬಿನಲ್ಲಿ ಆಗುವುದೇ ಇಲ್ಲ ಅಂತಲ್ಲ. ನಮ್ಮ ಮನೆಯಲ್ಲಿ ಪೆಗ್ ಹಾಕುವ ತನಕ 16ರಲ್ಲೇ ಕೊಟ್ಟೆವು. ಆದರೆ ರುಬ್ಬುವುದು, ಸೋಸುವುದು ಎರಡೂ ಚೊಕ್ಕವಾಗಿರಬೇಕು.

ಎಲ್ಲರಿಗೂ ಇದು ಹೊಂದುವುದಿಲ್ಲ. ಪೆಗ್ ಹಾಕಿ ಇನ್ನೂ ಗಾಯ ಒಣಗದವರು, ಆರು ತಿಂಗಳ ಒಳಗಿನ ಮಕ್ಕಳು, ಕೀಮೊ ನಡೆಯುತ್ತಿದ್ದು ಬಿಳಿ ರಕ್ತಕಣ ಕುಸಿದವರು, ಕಿಡ್ನಿ ತೊಂದರೆಯಿಂದ ಪೊಟ್ಯಾಸಿಯಮ್ ಅಳೆದು ಕೊಡಬೇಕಾದವರು, ಇವರಿಗೆಲ್ಲ ವೈದ್ಯರು ಒಪ್ಪದೆ ಶುರು ಮಾಡಲೇಬೇಡಿ. ಇನ್ನೊಂದು ಅಪಾಯ ಬಹಳ ಜನಕ್ಕೆ ಗೊತ್ತಿಲ್ಲ. ತುಂಬ ದಿನ ಸರಿಯಾಗಿ ಊಟ ಇಲ್ಲದೆ ಬಡಕಲಾದವರಿಗೆ ಒಂದೇ ದಿನದಲ್ಲಿ ಪೂರ್ತಿ ಊಟ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಮ್, ಮೆಗ್ನೀಸಿಯಮ್ ದಿಢೀರನೆ ಇಳಿದು ಹೃದಯಕ್ಕೇ ಏಟು ಬೀಳಬಹುದು. ಅಪ್ಪನಿಗೂ 400ರಿಂದ 1,400ಕ್ಕೆ ಒಂದೇ ನೆಗೆತ ಹಾಕಲಿಲ್ಲ. ನಡುವೆ ರಕ್ತಪರೀಕ್ಷೆ ಮಾಡಿಸುತ್ತಾ, ಹತ್ತು ದಿನ ತೆಗೆದುಕೊಂಡು ಏರಿಸಿದೆವು.

ಒಂದು ಕುಕ್ಕರ್ ಲೆಕ್ಕ

ಅಳತೆ ಗೊತ್ತಾದರೆ ಹೆದರಿಕೆ ಅರ್ಧ ಹೋಗುತ್ತದೆ. ನಮ್ಮ ಡಯೆಟಿಷಿಯನ್ ಮೊದಲು ತರಿಸಿದ್ದು ಪುಡಿ ಡಬ್ಬ ಅಲ್ಲ, ಅಡುಗೆಮನೆಯ ತಕ್ಕಡಿ. ‘ಒಂದು ಹಿಡಿ, ಒಂದು ಸೌಟು ಅನ್ಬೇಡಿ, ಗ್ರಾಂನಲ್ಲಿ ಹೇಳಿ’ ಅನ್ನುತ್ತಿದ್ದರು. ಅವರು ಹೇಳಿಕೊಟ್ಟ ಎರಡು ಹೊತ್ತಿನ ಅಡುಗೆ ಹೀಗಿತ್ತು.

ಅಕ್ಕಿ 40 ಗ್ರಾಂ, ಹೆಸರುಬೇಳೆ 30 ಗ್ರಾಂ, ಸಿಪ್ಪೆ ತೆಗೆದ ಸಿಹಿಗುಂಬಳ ಅಥವಾ ಕ್ಯಾರೆಟ್ 50 ಗ್ರಾಂ, ಒಂದು ಹಿಡಿ ಪಾಲಕ್ ಎಲೆ (ದಂಟು ಬೇಡ), ಚಿಟಿಕೆ ಉಪ್ಪು. ಕುಕ್ಕರ್‌ನಲ್ಲಿ ಮಾಮೂಲಿಗಿಂತ ಎರಡು ವಿಷಲ್ ಜಾಸ್ತಿ ಕೂಗಿಸಿ. ಮುಟ್ಟಿದರೆ ಕರಗುವ ಹಾಗೆ ಬೇಯಬೇಕು. ಇದಕ್ಕೆ ಪೂರ್ತಿ ಬೇಯಿಸಿದ ಒಂದು ಮೊಟ್ಟೆ, ಎರಡು ಟೀ ಚಮಚ ಎಣ್ಣೆ ಹಾಕಿ ರುಬ್ಬಿ. ಒಟ್ಟು 500 ಎಂಎಲ್ ಆಗುವಷ್ಟು ಮಾತ್ರ ಕುದಿಸಿ ಆರಿಸಿದ ನೀರು. ಇದರಲ್ಲಿ ಸುಮಾರು 415 ಕ್ಯಾಲೊರಿ, 17 ಗ್ರಾಂ ಪ್ರೋಟೀನ್ ಇರುತ್ತದೆ. ಅಂದರೆ ಒಂದು ಎಂಎಲ್‌ಗೆ 0.8 ಕ್ಯಾಲೊರಿ. ಡಬ್ಬದ ಪುಡಿಯನ್ನು ಹೇಳಿದ ಅಳತೆಯಲ್ಲಿ ಕಲಸಿದರೆ ಸಾಮಾನ್ಯವಾಗಿ 1 ಕ್ಯಾಲೊರಿ ಬರುತ್ತದೆ. ನಮ್ಮ ಹಳೆಯ ಆರು ಹೊತ್ತಿನ ಸರಾಸರಿ ಇದ್ದದ್ದು 0.3.

ಮೊಟ್ಟೆ ತಿನ್ನದ ಮನೆಗಳಲ್ಲಿ ಪನೀರ್, ಗಟ್ಟಿ ಮೊಸರು, ನುಣ್ಣಗೆ ಪುಡಿ ಮಾಡಿದ ಹುರಿಗಡಲೆ ಬಳಸಬಹುದು. ಹಸಿ ಮೊಟ್ಟೆ ಮಾತ್ರ ಯಾವತ್ತೂ ಬೇಡ. ಎಣ್ಣೆಯನ್ನು ಕಂಡು ಅಮ್ಮ ಹೆದರಿದ್ದಳು, ‘ಕಾಯಿಲೆ ಮನುಷ್ಯರಿಗೆ ಎಣ್ಣೆ ಯಾಕಮ್ಮ’ ಅಂತ. ಆದರೆ ಯೋಚಿಸಿ. ಒಂದು ಟೀ ಚಮಚ ಎಣ್ಣೆಯಲ್ಲಿ 40 ಕ್ಯಾಲೊರಿ ಇದೆ, ಒಂದು ಲೋಟ ಎಳನೀರಿನಲ್ಲಿರುವಷ್ಟೇ. ಜಾಗ ಹಿಡಿಯುವುದು ಬರೀ 5 ಎಂಎಲ್. ಟ್ಯೂಬಿನವರಿಗೆ ಎಣ್ಣೆ, ತುಪ್ಪ ಶತ್ರು ಅಲ್ಲ. ಉಪ್ಪನ್ನೂ ಮರೆಯಬೇಡಿ. ರುಚಿ ಗೊತ್ತಾಗಲ್ಲ ಅಲ್ವಾ ಅಂತ ಎಷ್ಟೋ ಮನೆಗಳಲ್ಲಿ ಉಪ್ಪೇ ಹಾಕುವುದಿಲ್ಲ. ವಾರಗಟ್ಟಲೆ ಹೀಗಾದರೆ ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಆಗ ಮಂಕು, ಗೊಂದಲ ಕಾಣಿಸಿಕೊಳ್ಳುತ್ತದೆ. ಮನೆಯವರು ಅದನ್ನು ಕಾಯಿಲೆಯ ಲೆಕ್ಕಕ್ಕೇ ಹಾಕಿಬಿಡುತ್ತಾರೆ. ಬಿಪಿ, ಹೃದಯದ ತೊಂದರೆ ಇದ್ದವರಿಗೆ ಎಷ್ಟು ಹಾಕಬೇಕು ಅಂತ ಕೇಳಿಕೊಳ್ಳಿ, ಅಷ್ಟೇ.

ಹಾಗಾದರೆ ನೀರು? ನೀರನ್ನು ನೀರಾಗಿಯೇ ಕೊಡಿ, ಊಟಕ್ಕೆ ಬೆರೆಸಬೇಡಿ. ದೊಡ್ಡವರಿಗೆ ಸಾಮಾನ್ಯವಾಗಿ ಕೆಜಿಗೆ 30 ಎಂಎಲ್ ದ್ರವ ಬೇಕು. ಊಟದ ಒಳಗೇ ಅದರ ದೊಡ್ಡ ಪಾಲು ಇರುತ್ತದೆ. ಪ್ರತಿ ಹೊತ್ತಿಗೆ ಮುಂಚೆ 30, ಆಮೇಲೆ 30 ಎಂಎಲ್ ನೀರು ಬಿಟ್ಟರೆ ಆರು ಹೊತ್ತಿಗೆ 360 ಆಯಿತು. ಉಳಿದದ್ದನ್ನು ಎರಡು ಊಟದ ನಡುವೆ ಕೊಡಿ. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಇನ್ನೂ 100, 200 ಜಾಸ್ತಿ ಬೇಕಾಗಬಹುದು. ಮೂತ್ರದ ಬಣ್ಣ ನೋಡುತ್ತಿದ್ದರೆ ಗೊತ್ತಾಗುತ್ತದೆ. ಹೃದಯ, ಕಿಡ್ನಿ ತೊಂದರೆ ಇದ್ದು ನೀರಿಗೆ ಮಿತಿ ಹಾಕಿದ್ದರೆ ಆ ಮಿತಿಯೇ ಅಂತಿಮ.

ಗಂಜಿ ಯಾಕೆ ಗಟ್ಟಿಯಾಗುತ್ತದೆ, ಮೊಳಕೆ ರಾಗಿ ಏನು ಮಾಡುತ್ತದೆ

ಈಗ ಕಷ್ಟದ ಜಾಗಕ್ಕೆ ಬಂದೆವು. ಮೇಲೆ ಹೇಳಿದ ಅಡುಗೆಯನ್ನು 500 ಎಂಎಲ್‌ಗೆ ರುಬ್ಬಿದರೆ ಅದು ಟ್ಯೂಬಿನಲ್ಲಿ ಇಳಿಯಲು ಒಪ್ಪುವುದಿಲ್ಲ. ಆರುತ್ತಾ ಹೋದ ಹಾಗೆ ಇನ್ನೂ ಗಟ್ಟಿ. ಆಗ ಕೈ ತಾನಾಗಿಯೇ ನೀರಿನ ಚೊಂಬಿಗೆ ಹೋಗುತ್ತದೆ. ಎಲ್ಲ ಮನೆಯಲ್ಲೂ ಲೆಕ್ಕ ತಪ್ಪುವುದು ಈ ಒಂದು ಕ್ಷಣದಲ್ಲಿ.

ಅಕ್ಕಿ, ರಾಗಿಯಲ್ಲಿರುವುದು ಪಿಷ್ಟ. ಪಿಷ್ಟ ಅಂದರೆ ಸಕ್ಕರೆಯ ಸಣ್ಣ ಸಣ್ಣ ಕೊಂಡಿಗಳನ್ನು ಜೋಡಿಸಿದ ಉದ್ದನೆಯ ಸರಪಳಿ. ಬೇಯಿಸಿದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ, ಸರಪಳಿಗಳು ಬಿಚ್ಚಿಕೊಂಡು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಗಂಜಿ ಗಟ್ಟಿಯಾಗುವುದು ಹೀಗೆ. ಮಿಕ್ಸಿ ಎಷ್ಟೇ ತಿರುಗಿದರೂ ಕಣ ನುಣ್ಣಗಾಗುತ್ತದೆಯೇ ಹೊರತು ಸರಪಳಿ ತುಂಡಾಗುವುದಿಲ್ಲ.

ಸರಪಳಿ ತುಂಡು ಮಾಡುವ ಕತ್ತರಿ ಕಾಳಿನೊಳಗೇ ಇದೆ. ಅದರ ಹೆಸರು ಅಮೈಲೇಸ್. ಕಾಳು ಮೊಳಕೆ ಬರುವಾಗ, ಒಳಗೆ ಕೂಡಿಟ್ಟ ಪಿಷ್ಟವನ್ನು ಸಸಿಯ ಊಟವಾಗಿ ಬದಲಿಸಲು ಅದು ಹುಟ್ಟಿಕೊಳ್ಳುತ್ತದೆ. ನಮ್ಮ ಧಾನ್ಯಗಳಲ್ಲಿ ರಾಗಿ ಮೊಳಕೆ ಬಂದಾಗ ಇದು ಧಾರಾಳವಾಗಿ ಸಿಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಮೊಳಕೆ ರಾಗಿಯಿಂದ ಮಕ್ಕಳ ಆಹಾರ ಮಾಡುವ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಪುಟ್ಟ ಮಗುವಿನ ಕಷ್ಟವೂ ಇದೇ ಅಲ್ವಾ? ಗಟ್ಟಿ ಗಂಜಿ ನುಂಗಲಾರದು, ನೀರು ಗಂಜಿ ಕುಡಿದರೆ ಮೈಗೆ ಹತ್ತದು.

ಮಾಡುವ ರೀತಿ ಸುಲಭ. ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳಕೆ ಬರಿಸಿ. ನೆರಳಲ್ಲೋ ಎಳೆಬಿಸಿಲಲ್ಲೋ ಗರಿಗರಿಯಾಗಿ ಒಣಗಿಸಿ ಹಿಟ್ಟು ಮಾಡಿಸಿ, ಸಣ್ಣ ಜರಡಿಯಲ್ಲಿ ಹಿಡಿಯಿರಿ. ಹುರಿಯಬೇಡಿ. ಜೋರು ಬಿಸಿಗೆ ಅಮೈಲೇಸ್ ಸತ್ತುಹೋಗುತ್ತದೆ. ಹಾಗಾಗಿ ರಾಗಿ ಹುರಿಹಿಟ್ಟು ಈ ಕೆಲಸ ಮಾಡುವುದಿಲ್ಲ. ಅಂಗಡಿಯ ರಾಗಿ ಮಾಲ್ಟನ್ನೂ ಚೆನ್ನಾಗಿ ಹುರಿದಿದ್ದರೆ ಅದರಿಂದಲೂ ಆಗುವುದಿಲ್ಲ.

ರುಬ್ಬಿದ ಊಟವನ್ನು ಪಾತ್ರೆಗೆ ಹಾಕಿ ಬಿಸಿ ಮಾಡಿ, ಒಲೆ ಆರಿಸಿ. ಕುದಿ ನಿಂತಿರಬೇಕು, ಹಬೆ ಇನ್ನೂ ಏಳುತ್ತಿರಬೇಕು. ಥರ್ಮಾಮೀಟರ್ ಇದ್ದರೆ 60ರಿಂದ 70 ಡಿಗ್ರಿ. ಆಗ ಒಂದು ಸಣ್ಣ ಚಮಚ ಮೊಳಕೆ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಹಾಕಿ ತಿರುವಿ. ಹತ್ತು ನಿಮಿಷ ಮುಚ್ಚಿಡಿ. ಮುದ್ದೆಯ ಹಾಗೆ ಬೀಳುತ್ತಿದ್ದದ್ದು ಮಜ್ಜಿಗೆಯ ಹಾಗೆ ಹರಿಯುತ್ತದೆ. ಮೊದಲ ಸಲ ನೋಡಿದಾಗ ಅಮ್ಮ ಪಕ್ಕದ ಮನೆಯವರನ್ನು ಕರೆದು ತೋರಿಸಿದಳು. ಒಂದು ಹನಿ ನೀರು ಜಾಸ್ತಿಯಾಗಿಲ್ಲ, ಒಂದು ಕ್ಯಾಲೊರಿ ಕಡಿಮೆಯಾಗಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಡಿ. ಮೊಳಕೆ ಹಿಟ್ಟು ಹಸಿ ಹಿಟ್ಟು. ಒದ್ದೆ ಬಟ್ಟೆಯಲ್ಲಿ ಎರಡು ದಿನ ಇದ್ದು ಬಂದಿದೆ, ಅದರಲ್ಲಿ ಕ್ರಿಮಿ ಇದ್ದೇ ಇರುತ್ತದೆ. ತೆಳುವಾದ ಮೇಲೆ ಮತ್ತೆ ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಲೇಬೇಕು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಒಂದು ಎಚ್ಚರಿಕೆ: ತುಂಡಾದ ಪಿಷ್ಟ ಬೇಗ ಸಕ್ಕರೆಯಾಗುತ್ತದೆ. ಗ್ಲುಕೊಮೀಟರ್ ಹಿಡಿದು ಒಂದು ವಾರ ನೋಡಿ, ಡಾಕ್ಟರಿಗೆ ತೋರಿಸಿ ಮುಂದುವರಿಯಿರಿ.

ಬೆಳಗಿನ ರಾಗಿ ಗಂಜಿಗೂ ಇದೇ ಉಪಾಯ. ಮೊದಲು 15 ಗ್ರಾಂ ಹಿಟ್ಟಿಗೇ ಸಿರಿಂಜ್ ಕಟ್ಟುತ್ತಿತ್ತು. ಈಗ 250 ಎಂಎಲ್‌ನಲ್ಲಿ 25 ಗ್ರಾಂ ರಾಗಿ, 150 ಎಂಎಲ್ ಹಾಲು, ಎರಡು ಚಮಚ ಬೆಲ್ಲ, 10 ಗ್ರಾಂ ನುಣ್ಣನೆ ರುಬ್ಬಿದ ಹುರಿದ ಕಡಲೆಕಾಯಿ ಬೀಜ, ಎಲ್ಲ ಹಿಡಿಯಿತು. ರಾಗಿಗೆ ಇನ್ನೊಂದು ಕಾಟವಿದೆ, ಅದರ ಹೊಟ್ಟು. ಅದು ರುಬ್ಬಿದರೂ ನುಣ್ಣಗಾಗುವುದಿಲ್ಲ, ಟ್ಯೂಬಿನ ಗೋಡೆಗೆ ಮರಳಿನ ಹಾಗೆ ಕೂರುತ್ತದೆ. ಮಕ್ಕಳಿಗೆ ಮಾಡುವ ರಾಗಿ ಸರಿಯ ದಾರಿಯೇ ಇದಕ್ಕೂ ಸರಿ: ನೆನೆಸಿ ರುಬ್ಬಿ, ಬಟ್ಟೆಯಲ್ಲಿ ಹಾಲು ಹಿಂಡಿ, ಆ ಹಾಲನ್ನು ಬೇಯಿಸಿ.

ಮಿಕ್ಸಿ ಜಾರಿನಿಂದ ಸಿರಿಂಜಿನವರೆಗೆ

ಮನೆಯ ಮಿಕ್ಸಿ ಸಾಕು. ಸಣ್ಣ ಜಾರಿನಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಮೂರು ನಾಲ್ಕು ನಿಮಿಷ, ನಡುವೆ ನಿಲ್ಲಿಸಿ ನಿಲ್ಲಿಸಿ ರುಬ್ಬಿ. ಆಮೇಲೆ ಟೀ ಸೋಸುವಂಥ ಸಣ್ಣ ಕಣ್ಣಿನ ಸ್ಟೀಲ್ ಜರಡಿಯಲ್ಲಿ ಸೋಸಿ. ಬಟ್ಟೆ ಬೇಡ. ಬಟ್ಟೆಯಲ್ಲಿ ಊಟವೇ ಉಳಿದುಹೋಗುತ್ತದೆ, ನೀರು ಮಾತ್ರ ಕೆಳಗಿಳಿಯುತ್ತದೆ. ನಮ್ಮ ಮೊದಲ ತಪ್ಪೇ ಅದು. ಜರಡಿಯಲ್ಲಿ ಒಂದು ಚಮಚಕ್ಕಿಂತ ಜಾಸ್ತಿ ಉಳಿದರೆ ಮತ್ತೆ ಜಾರಿಗೆ ಹಾಕಿ ರುಬ್ಬಿ.

ಕೆಲವು ಪದಾರ್ಥ ಟ್ಯೂಬಿಗೆ ಆಗಿಬರುವುದಿಲ್ಲ. ಒಗ್ಗರಣೆಯ ಸಾಸಿವೆ, ಜೀರಿಗೆ, ಕರಿಬೇವು. ಟೊಮೆಟೊ, ಬದನೆಯ ಬೀಜ. ಬೀನ್ಸ್, ನುಗ್ಗೆಯ ನಾರು. ಸಬ್ಬಕ್ಕಿ, ಅಗಸೆ ಬೀಜ ಆರಿದ ಮೇಲೆ ಅಂಟಾಗುತ್ತವೆ. ಹಾಲಿಗೆ ನಿಂಬೆಹಣ್ಣು, ಹುಣಸೆ ಸೇರಿಸಿದರೆ ಒಡೆದು ಗಂಟಾಗಿ ಟ್ಯೂಬಿನ ಒಳಗೇ ಕೂರುತ್ತದೆ. ಹಣ್ಣಿನ ರಸ ಕೊಡುವುದಾದರೆ ಬೇರೆ ಹೊತ್ತಿಗೆ, ಮುಂಚೆ ನೀರು ಬಿಟ್ಟು ಕೊಡಿ.

ಒಂದು ಉಪಾಯ ನನಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಟ್ಟಿತು. ಅದೇ ನಂಬರಿನ ಒಂದು ಹೊಸ ರೈಲ್ಸ್ ಟ್ಯೂಬ್ ತಂದು ಅಡುಗೆಮನೆಯಲ್ಲಿ ಇಟ್ಟುಕೊಂಡೆ. ಹೊಸ ಅಡುಗೆ ಏನೇ ಮಾಡಿದರೂ ಮೊದಲು ಸಿಂಕಿನ ಮೇಲೆ ಆ ಟ್ಯೂಬಿನಲ್ಲಿ ಬಿಟ್ಟು ನೋಡುತ್ತಿದ್ದೆ. ಅಲ್ಲಿ ಕಟ್ಟಿದರೆ ಅಪ್ಪನ ಟ್ಯೂಬಿಗೆ ಹೋಗುತ್ತಿರಲಿಲ್ಲ.

ಶುಚಿಯ ವಿಷಯದಲ್ಲಿ ರಾಜಿ ಇಲ್ಲ. ರುಬ್ಬಿದ ಊಟ ಕ್ರಿಮಿಗಳಿಗೂ ಒಳ್ಳೆಯ ಊಟ. 5ರಿಂದ 60 ಡಿಗ್ರಿ ನಡುವೆ ಅವು ಬೆಳೆಯುತ್ತವೆ, ನಮ್ಮ ಮನೆಗಳ ಒಳಗಿನ ಶಾಖ ಅದರ ಮಧ್ಯದಲ್ಲೇ ಬರುತ್ತದೆ. ಹೊರಗೆ ಇಟ್ಟ ಊಟ ಎರಡು ಗಂಟೆಯೊಳಗೆ ಮುಗಿಯಬೇಕು, ಉಳಿದದ್ದನ್ನು ಚೆಲ್ಲಿ. ಫ್ರಿಜ್‌ನಲ್ಲಿ 4 ಡಿಗ್ರಿಗಿಂತ ಕೆಳಗೆ ಇಟ್ಟರೆ 24 ಗಂಟೆ. ಬೇಗ ತಣ್ಣಗಾಗಲಿ ಅಂತ ಅಗಲ ಪಾತ್ರೆಯಲ್ಲಿ ಹಾಕಿ ತಣ್ಣೀರಿನ ಬೇಸಿನ್ನಿನಲ್ಲಿ ಇಡಿ, ಆಮೇಲೆ ಹೊತ್ತಿಗೊಂದು ಡಬ್ಬಿ ಮಾಡಿ ಫ್ರಿಜ್‌ಗೆ. ಕರೆಂಟ್ ಹೋಗಿ ಫ್ರಿಜ್ ತುಂಬ ಹೊತ್ತು ನಿಂತಿದ್ದರೆ ಅನುಮಾನ ಬೇಡ, ಹೊಸದಾಗಿ ಮಾಡಿ. ಟ್ಯಾಂಕರ್ ನೀರಿರಲಿ, ಕಾವೇರಿ ನೀರಿರಲಿ, ಕುದಿಸಿಯೇ ಬಳಸಿ. ಮಿಕ್ಸಿ ಜಾರಿನ ಬ್ಲೇಡಿನ ಕೆಳಗೆ, ಮುಚ್ಚಳದ ರಬ್ಬರಿನ ಒಳಗೆ ಹಳೆಯ ಊಟ ಕೂತಿರುತ್ತದೆ. ರಬ್ಬರ್ ಬಿಚ್ಚಿ ತೊಳೆದು ಬಿಸಿನೀರು ಹಾಕಿ ಒಣಗಿಸಿ. ಸಾಧ್ಯವಾದರೆ ಇದಕ್ಕೇ ಬೇರೆ ಜಾರ್ ಇಡಿ. ಚಟ್ನಿಯ ಖಾರ ಟ್ಯೂಬಿಗೆ ಹೋಗುವುದು ಬೇಡ.

ಇನ್ನು ಕೊಡುವ ರೀತಿ. ರೈಲ್ಸ್ ಟ್ಯೂಬ್ ಇದ್ದವರಿಗೆ ಪ್ರತಿ ಸಲ ಮೊದಲು ನೋಡಬೇಕಾದದ್ದು ಟ್ಯೂಬ್ ಹೊಟ್ಟೆಯಲ್ಲೇ ಇದೆಯಾ ಅಂತ. ಮೂಗಿನ ಹತ್ತಿರ ಮಾಡಿದ ಗುರುತು ಜರುಗಿದೆಯಾ ನೋಡಿ. ಸಿರಿಂಜಿನಿಂದ ಸ್ವಲ್ಪ ರಸ ಎಳೆದು, ಆಮ್ಲ ಎಷ್ಟಿದೆ ಅಂತ ತೋರಿಸುವ ಪಿಎಚ್ ಪಟ್ಟಿಗೆ ತಾಗಿಸಿದರೆ 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗಾಳಿ ಊದಿ ಸ್ಟೆತಾಸ್ಕೋಪ್‌ನಲ್ಲಿ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬಬೇಡಿ. ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಅಂಥದೇ ಸದ್ದು ಬರಬಹುದು. ಅನುಮಾನ ಇದ್ದರೆ ಕೊಡಬೇಡಿ, ಒಂದು ಹೊತ್ತು ತಡವಾದರೂ ಪರವಾಗಿಲ್ಲ.

ತಲೆ, ಎದೆ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ. ಬರೀ ತಲೆದಿಂಬು ಏರಿಸಿದರೆ ಕುತ್ತಿಗೆ ಬಾಗುತ್ತದೆ, ಹೊಟ್ಟೆ ಮಡಚಿಕೊಳ್ಳುತ್ತದೆ. ಬೆನ್ನೇ ಏರಬೇಕು. 30 ಎಂಎಲ್ ನೀರು ಬಿಡಿ. ಸಿರಿಂಜಿನ ಪಿಸ್ಟನ್ ತೆಗೆದು ಊಟ ಸುರಿದು, ತನ್ನಷ್ಟಕ್ಕೆ ಇಳಿಯಲು ಬಿಡಿ. 250 ಎಂಎಲ್‌ಗೆ 15, 20 ನಿಮಿಷ ಆಗಲಿ. ಮತ್ತೆ ಸುರಿಯುವ ಮುಂಚೆ ಟ್ಯೂಬನ್ನು ಮಡಚಿ ಹಿಡಿದರೆ ಗಾಳಿ ಹೋಗುವುದಿಲ್ಲ. ಪೆಗ್‌ನಲ್ಲಿ ಗಟ್ಟಿ ಊಟವಾದರೆ ಪಿಸ್ಟನ್‌ನಿಂದ ಮೆಲ್ಲಗೆ ತಳ್ಳಬಹುದು. ಕೊನೆಗೆ ಮತ್ತೆ 30 ಎಂಎಲ್ ನೀರು. ಮುಗಿದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಮಲಗಿಸಬೇಡಿ. ಫ್ರಿಜ್‌ನಿಂದ ತೆಗೆದ ಊಟವನ್ನು ಉಗುರುಬೆಚ್ಚಗೆ ಮಾಡದೆ ಕೊಟ್ಟರೆ, ಅವಸರದಲ್ಲಿ ತಳ್ಳಿದರೆ ಹೊಟ್ಟೆ ಉಬ್ಬುವುದು, ಭೇದಿ ಆಗುವುದು ಸಾಮಾನ್ಯ. ಕೊಡುವಾಗ ಕೆಮ್ಮು, ಉಸಿರಾಟದ ತೊಂದರೆ, ತುಟಿ ನೀಲಿ ಕಂಡರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಟ್ಯೂಬ್ ಕಟ್ಟಿದರೆ ಬೆಚ್ಚನೆ ನೀರನ್ನು ಸಿರಿಂಜಿನಲ್ಲಿ ಮೆಲ್ಲಗೆ ತಳ್ಳಿ, ಎಳೆದು, ಮತ್ತೆ ತಳ್ಳಿ. ತಂತಿ ತೂರಿಸಬೇಡಿ. ಸೋಡಾ, ಕೋಲಾ ಹಾಕಬೇಡಿ, ಅದರ ಹುಳಿಗೆ ಹಾಲಿನ ಪ್ರೋಟೀನ್ ಇನ್ನೂ ಗಟ್ಟಿಯಾಗುತ್ತದೆ. ನಮ್ಮ ಮನೆಯಲ್ಲಿ ಟ್ಯೂಬ್ ಎರಡು ಸಲ ಕಟ್ಟಿತು, ಎರಡು ಸಲವೂ ಊಟದಿಂದ ಅಲ್ಲ, ಸರಿಯಾಗಿ ಕರಗದ ಮಾತ್ರೆಯಿಂದ. ಮಾತ್ರೆಯನ್ನು ಊಟದ ಜೊತೆ ಬೆರೆಸಲೇಬಾರದು. ಒಂದೊಂದನ್ನೇ ಪುಡಿ ಮಾಡಿ, ನೀರಿನಲ್ಲಿ ಕರಗಿಸಿ, ನಡುನಡುವೆ ನೀರು ಬಿಟ್ಟು ಕೊಡಿ. ನಿಧಾನವಾಗಿ ಕರಗುವ ಹಾಗೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡುವ ಹಾಗಿಲ್ಲ, ಬದಲಿ ಔಷಧಿ ಬರೆಸಿಕೊಳ್ಳಿ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಊಟದ ಜೊತೆ ಹೋದರೆ ಮೈಗೆ ಸರಿಯಾಗಿ ಸೇರುವುದಿಲ್ಲ, ಮುಂಚೆ ನಂತರ ಎಷ್ಟು ಗಂಟೆ ಬಿಡಬೇಕು ಅಂತ ಕೇಳಿ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಸೊಪ್ಪಿನ ಪ್ರಮಾಣ ದಿನಾ ಒಂದೇ ಇರಲಿ. ಒಂದು ದಿನ ಹಿಡಿ ತುಂಬ, ಇನ್ನೊಂದು ದಿನ ಇಲ್ಲ ಅನ್ನುವ ಹಾಗಾಗಬಾರದು. ಟ್ಯೂಬ್ ಕಳಚಿ ಬಂದರೆ ನೀವೇ ವಾಪಸ್ ತೂರಿಸಬೇಡಿ. ಪೆಗ್ ಆದರೆ ತಡ ಮಾಡಲೂ ಬೇಡಿ, ಆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಲು ಶುರುವಾಗುತ್ತದೆ.

ಡಬ್ಬದ ಪುಡಿಯ ಬಗ್ಗೆ ಒಂದು ಮಾತು. ಮನೆ ಊಟದ ಮೇಲಿನ ಪ್ರೀತಿಯಿಂದ ಅದನ್ನು ಬೈಯುವವರಿದ್ದಾರೆ. ನಾನು ಆ ಪಂಗಡದವಳಲ್ಲ. ಅದರಲ್ಲಿ ವಿಟಮಿನ್, ಖನಿಜ ಅಳೆದು ಹಾಕಿರುತ್ತಾರೆ, ಮನೆಯಲ್ಲಿ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಸಣ್ಣ ಟ್ಯೂಬಿಗೆ, ಪ್ರಯಾಣಕ್ಕೆ, ರಾತ್ರಿಯಿಡೀ ಪಂಪಿನಲ್ಲಿ ಕೊಡುವವರಿಗೆ ಅದೇ ಸರಿ. ದಿನದ ಆರೂ ಹೊತ್ತು ಅದನ್ನೇ ಕೊಡುವ ಖರ್ಚು ಎಷ್ಟೋ ಮನೆಗಳಿಗೆ ಆಗುವುದಿಲ್ಲ ಅನ್ನುವುದೂ ನಿಜ. ನಾವು ನಾಲ್ಕು ಹೊತ್ತು ಮನೆ ಊಟ, ಬೆಳಗ್ಗೆ ರಾಗಿ, ರಾತ್ರಿ ಮಲಗುವ ಮುಂಚೆ ಪುಡಿ, ಹೀಗೆ ಹಂಚಿಕೊಂಡೆವು. ದಿನದ ಲೆಕ್ಕ 1,400ರ ಹತ್ತಿರ ಬಂತು, ಪ್ರೋಟೀನಿನ ಕೊರತೆಯೂ ಬಹುಮಟ್ಟಿಗೆ ಮುಚ್ಚಿತು.

ಎಲ್ಲವನ್ನೂ ಅಮ್ಮ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದಳು. ಹೊತ್ತು, ಏನು, ಎಷ್ಟು ಎಂಎಲ್, ನೀರು, ಮೂತ್ರ, ವಾಂತಿ. ಸೋಮವಾರಕ್ಕೊಮ್ಮೆ ತೂಕ. ಏಳಲಾರದವರನ್ನು ತೂಗುವುದು ಹೇಗೆ ಅಂತ ಕೇಳಬಹುದು. ಅಣ್ಣ ಅಪ್ಪನನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಲ್ಲುತ್ತಿದ್ದ, ಆಮೇಲೆ ಅವನೊಬ್ಬನೇ ನಿಲ್ಲುತ್ತಿದ್ದ, ಕಳೆದರೆ ಲೆಕ್ಕ ಸಿಕ್ಕಿತು. ಅದಾಗದಿದ್ದರೆ ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ಬರೆಯಿರಿ. ತಿಂಗಳು ತಿಂಗಳಿಗೆ ಅದು ಇಳಿಯಬಾರದು.

ಬಾಯಿಂದ ಊಟ ಇಲ್ಲ ಅಂತ ಬಾಯಿಯನ್ನು ಮರೆಯಬೇಡಿ. ದಿನಕ್ಕೆ ಎರಡು ಮೂರು ಸಲ ಹಲ್ಲು, ನಾಲಿಗೆ ಶುಚಿ ಮಾಡಿ. ಗಲೀಜು ಬಾಯಿಯ ಜೊಲ್ಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಪಾರ್ಶ್ವವಾಯು ಆದ ಎಷ್ಟೋ ಜನರಿಗೆ ನುಂಗುವ ಶಕ್ತಿ ನಿಧಾನವಾಗಿ ಮರಳುತ್ತದೆ. ಅದನ್ನು ಪರೀಕ್ಷೆ ಮಾಡಿ ಅಭ್ಯಾಸ ಮಾಡಿಸುವವರು ಸ್ಪೀಚ್ ಥೆರಪಿಸ್ಟ್. ಅವರು ಹೇಳುವ ಮುಂಚೆ, ಪಾಪ ಆಸೆಪಡ್ತಾರೆ ಅಂತ ಒಂದು ಚಮಚ ಕಾಫಿಯನ್ನೂ ಬಾಯಿಗೆ ಹಾಕಬೇಡಿ.

ಅಪ್ಪನ ಪರೀಕ್ಷೆಯನ್ನು ಮೂರು ಸಲ ಮಾಡಿದರು. ಎರಡು ಸಲ ಆಗಲಿಲ್ಲ. ಮೂರನೆಯ ಸಲ ಥೆರಪಿಸ್ಟ್ ಬೆನ್ನು ನೇರ ಕೂರಿಸಿ, ಗದ್ದ ಕೆಳಗೆ ಮಾಡಿಸಿ, ಅರ್ಧ ಚಮಚ ಗಟ್ಟಿ ಮೊಸರು ಇಟ್ಟರು. ನುಂಗಿದರು. ಅವತ್ತಿನ ಪುಟದಲ್ಲಿ ಅಮ್ಮ ಬರೆದದ್ದು ಇಷ್ಟು: ‘ಬೆಳಗ್ಗೆ 11. ಬಾಯಿಂದ. ಮೊಸರು, 3 ಚಮಚ. ಕೆಮ್ಮಲಿಲ್ಲ.’ ಅದರ ಕೆಳಗಿನ ಸಾಲು ಎಂದಿನದೇ: ‘ಮಧ್ಯಾಹ್ನ 1. ಟ್ಯೂಬ್. ಅಕ್ಕಿ, ಹೆಸರುಬೇಳೆ, ಕುಂಬಳ, ಮೊಟ್ಟೆ. 250.’